ಹಳೆಯ ಕೊಂಡಿ, ಹೊಸ ಜಾಲತಾಣ: ಸರ್ಕಾರಿ ದಾಖಲೆ ಕೈತಪ್ಪದಿರಲು ಯಾವ ದಾರಿ?

ಮುಂಬೈಯ ಮುಲುಂಡಿನಲ್ಲಿರುವ ನನ್ನ ಸೋದರಮಾವ ತಮ್ಮ ಹೌಸಿಂಗ್ ಸೊಸೈಟಿಗೆ ಎರಡನೆಯ ಅವಧಿಗೆ ಕಾರ್ಯದರ್ಶಿ. ಕಟ್ಟಡ ಹಳೆಯದು, ಪುನರ್ವಿಕಾಸದ, ಅಂದರೆ ಕೆಡವಿ ಹೊಸದಾಗಿ ಕಟ್ಟಿಸುವ, ಮಾತು ನಡೆದಿದೆ. ಕಳೆದ ವಿಶೇಷ ಸಭೆಯಲ್ಲಿ ಒಬ್ಬ ಸದಸ್ಯರು ಎದ್ದು ನಿಂತು, “ಸರ್ಕಾರದ ನಿಯಮ ಎಲ್ಲಿದೆ, ತೋರಿಸಿ” ಎಂದರು. ಮಾವ ಧೈರ್ಯವಾಗಿಯೇ ಮೊಬೈಲ್ ತೆಗೆದರು. ಮೂರು ವರ್ಷದ ಹಿಂದೆ ತಾವೇ ವಾಟ್ಸ್ಯಾಪ್ ಗುಂಪಿಗೆ ಹಾಕಿದ್ದ ಕೊಂಡಿ ಅಲ್ಲೇ ಇತ್ತು. ಒತ್ತಿದರೆ ತೆರೆದುಕೊಂಡದ್ದು ಹೊಚ್ಚಹೊಸ ಮುಖಪುಟ: ದೊಡ್ಡ ಭಾವಚಿತ್ರಗಳು, ಎಡಕ್ಕೆ ಓಡುವ ಅಕ್ಷರಗಳ ಸಾಲು, ಸ್ವಾಗತ. ನಿಯಮದ ಕಡತ ಮಾತ್ರ ಇಲ್ಲ. ಸಭೆ ಮುಂದಕ್ಕೆ ಹೋಯಿತು.

ರಾತ್ರಿ ಫೋನು ಬಂತು. “ಏನು ಮಾರಾಯಾ ಇದು? ಪರಿಚಯದ ಮನೆಯ ಬಾಗಿಲು ತಟ್ಟಿದರೆ ಬೇರೆ ಯಾರೋ ಕದ ತೆಗೆಯುತ್ತಾರೆ. ನೀನು ಇದೇ ಕೆಲಸದವನಲ್ಲವೇ?”

ಇದೇ ಕೆಲಸದವನೇ. ಪುಣೆಯ ಸಣ್ಣ ಕಂಪನಿಯೊಂದರಲ್ಲಿ ಸ್ಥಳೀಯ ಸಂಸ್ಥೆಗಳ ಜಾಲತಾಣ ಕಟ್ಟುವುದು, ಹಳತರಲ್ಲಿರುವುದನ್ನು ಹೊಸದಕ್ಕೆ ಸಾಗಿಸುವುದು ನನ್ನ ಹೊಟ್ಟೆಪಾಡು. ಜನ ತಟ್ಟುವ ಇಂತಹ ಬಾಗಿಲುಗಳಲ್ಲಿ ಕೆಲವಕ್ಕೆ ಬೀಗ ಹಾಕಿದವನು ನಾನೇ ಇರಬೇಕು. ಅದೇ ತಿಂಗಳು ಪಣಜಿಯಲ್ಲಿ ಕೆಲಸ ಮಾಡುವ ಹುಬ್ಬಳ್ಳಿಯ ಹುಡುಗಿಯೊಬ್ಬಳು ಎದುರು ದಿಕ್ಕಿನಿಂದ ಇದೇ ಪ್ರಶ್ನೆ ಕೇಳಿದಳು. ಅವಳ ತಂಡಕ್ಕೆ ಒಂದು ಕಚೇರಿಯ ತಾಣ ನವೀಕರಿಸುವ ಗುತ್ತಿಗೆ ಸಿಕ್ಕಿದೆ. ಹಳೆಯ ಸುತ್ತೋಲೆ, ಅಧಿಸೂಚನೆಗಳನ್ನು ಏನು ಮಾಡಬೇಕೆಂದು ಯಾರೂ ಹೇಳಿಲ್ಲ. “ಸರ್, ಮೂರು ದಾರಿ ಕಾಣುತ್ತಿವೆ, ಯಾವುದನ್ನು ಹಿಡಿಯಲಿ?” ಎಂದು ಕೇಳಿದಳು. ಇಬ್ಬರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಬಾಗಿಲಿನ ಹೊರಗೆ ನಿಂತವರಿಗೂ ಒಳಗೆ ಕುಳಿತವರಿಗೂ ಆಯ್ಕೆಗಳು ಬೇರೆ ಬೇರೆ. ಅಳೆಯುವ ಕೋಲು ಮಾತ್ರ ಹೆಚ್ಚುಕಡಿಮೆ ಒಂದೇ.

ಅಳೆಯುವ ಕೋಲು

ಮೊದಲನೆಯ ಪ್ರಶ್ನೆ: ಈ ದಾಖಲೆಯನ್ನು ನೀವು ಯಾರ ಮುಂದೆ ಹಿಡಿಯಬೇಕು? ನಿಮ್ಮ ತಿಳಿವಳಿಕೆಗೋ, ನಂಬಿಕೆ ಕಡಿಮೆಯಿರುವ ನೆರೆಯವರಿಗೋ, ಅಧಿಕಾರಿಗೋ, ನ್ಯಾಯಾಲಯಕ್ಕೋ? ನನ್ನ ಮಟ್ಟಿಗೆ ಉಳಿದ ಪ್ರಶ್ನೆಗಳೆಲ್ಲ ಇದರ ಬಾಲ ಹಿಡಿದು ಬರುತ್ತವೆ. ಜನ ಸಾಮಾನ್ಯವಾಗಿ ‘ಎಲ್ಲಿ ಉಳಿಸಿಡಲಿ’ ಎಂದು ಕೇಳುತ್ತಾರೆ. ‘ಯಾರಿಗೆ ತೋರಿಸಲು’ ಎಂದು ತಿರುಗಿ ಕೇಳಿದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಎರಡನೆಯದು, ಹಳೆಯ ವಿಳಾಸ ಕೆಲಸ ಮಾಡುತ್ತದೆಯೇ ಎಂಬುದು. ಕಡತ ಎಲ್ಲೋ ಇದೆ ಎನ್ನುವುದು ಬೇರೆ, ಹತ್ತು ವರ್ಷದ ಹಿಂದೆ ಯಾರೋ ಪತ್ರದಲ್ಲಿ ಉಲ್ಲೇಖಿಸಿದ ವಿಳಾಸ ಇಂದಿಗೂ ಅಲ್ಲಿಗೇ ಒಯ್ಯುತ್ತದೆ ಎನ್ನುವುದು ಬೇರೆ. ಮೂರನೆಯದು ಖರ್ಚು. ರೂಪಾಯಿಯ ಜೊತೆಗೆ ಭಾನುವಾರಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ನಾಲ್ಕನೆಯದು, ನೀವಿಲ್ಲದಿದ್ದರೂ ಅದು ಉಳಿಯುತ್ತದೆಯೇ ಎಂಬುದು. ಇವುಗಳ ಜೊತೆಗೆ ಹುಡುಕಿದರೆ ಸಿಗುತ್ತದೆಯೇ ಎಂಬ ತಾಪತ್ರಯವೊಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

‘ಮೂಲ ಕಾಗದ ಕಚೇರಿಯಲ್ಲಿ ಇದ್ದೇ ಇರುತ್ತದಲ್ಲ’ ಎನ್ನುವವರಿಗೆ ಒಂದು ಮಾತು. ಭಾರತ ಸರ್ಕಾರದ ಗೆಜೆಟ್ಟಿನ ಕಾಗದದ ಮುದ್ರಣ 2015ರ ಅಕ್ಟೋಬರ್ 1ರಿಂದ ನಿಂತಿದೆ, ಅಲ್ಲಿಂದಾಚೆಗೆ ಪ್ರಕಟಣೆಯೆಂದರೆ ಜಾಲತಾಣದ್ದೇ. ಜಾಲತಾಣವನ್ನು ಕಚೇರಿಯ ಮುಂದಿನ ಸೂಚನಾಫಲಕವೆಂದು ಮಾತ್ರ ತಿಳಿದವರು ಅದು ಯಾವಾಗ ದಫ್ತರವೇ ಆಯಿತೆಂದು ಗಮನಿಸಿಲ್ಲ.

ಒಳಗೆ ಕುಳಿತವರ ಆಯ್ಕೆಗಳು

ಪಣಜಿಯ ಹುಡುಗಿಯ ಪಟ್ಟಿಯಲ್ಲಿದ್ದ ಮೊದಲ ದಾರಿ, ಹಳೆಯ ತಾಣವನ್ನು ಹಾಗೆಯೇ ಪಕ್ಕದ ವಿಳಾಸವೊಂದಕ್ಕೆ ಸರಿಸಿ ‘ಹಳೆಯ ಜಾಲತಾಣಕ್ಕಾಗಿ ಇಲ್ಲಿ ಒತ್ತಿ’ ಎಂದು ಬರೆಯುವುದು. ಒಂದು ದಿನದ ಕೆಲಸ, ಯಾವುದೂ ಕಳೆದುಹೋಗುವುದಿಲ್ಲ, ಅಧಿಕಾರಿಗಳಿಗೂ ಸಮಾಧಾನ. ಆದರೆ ಹಳೆಯ ತಾಣವೆಂದರೆ ಹಳೆಯ ತಂತ್ರಾಂಶ. ಉದಾಹರಣೆಗೆ ಜಾಲತಾಣ ಕಟ್ಟಲು ಬಳಸುವ ದ್ರುಪಲ್ 7ಕ್ಕೆ ಅದರ ತಯಾರಕರ ಬೆಂಬಲ 2025ರ ಜನವರಿ 5ಕ್ಕೆ ಮುಗಿಯಿತು. ಸರ್ಕಾರಿ ತಾಣಗಳು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನಿಂದ ಮಾನ್ಯತೆ ಪಡೆದ ಲೆಕ್ಕಪರಿಶೋಧಕರಿಂದ ಭದ್ರತಾ ತಪಾಸಣೆ ಮಾಡಿಸಿಕೊಳ್ಳಬೇಕು. ಹಳೆಯ ತಾಣ ಅಲ್ಲಿ ನಪಾಸಾದರೆ ಮಾರನೆಯ ದಿನವೇ ಯಾರೋ ಸ್ವಿಚ್ ಆರಿಸುತ್ತಾರೆ. ಈ ದಾರಿಯೇ ಬೇಕೆಂದಿದ್ದರೆ ತಾಣವನ್ನು ಹೆಪ್ಪುಗಟ್ಟಿಸಿ: ಡೇಟಾಬೇಸ್, ಲಾಗಿನ್ ಎಲ್ಲ ತೆಗೆದು, ಪುಟಗಳನ್ನು ಬರಿಯ ಎಚ್‌ಟಿಎಂಎಲ್ ಕಡತಗಳನ್ನಾಗಿ ಇಳಿಸಿ ಇಡಿ. ಹುಡುಕುವ ಪೆಟ್ಟಿಗೆ ಸತ್ತುಹೋಗುತ್ತದೆ, ಕಳ್ಳರು ನುಗ್ಗುವ ಕಿಂಡಿಗಳೂ ಬಹುಮಟ್ಟಿಗೆ ಮುಚ್ಚುತ್ತವೆ. ಹೀಗೆ ಮಾಡಿದರೂ ಇದು ಬಾಡಿಗೆ ಮನೆಯೇ. ಸರ್ವರಿನ ಮುಂದಿನ ವರ್ಷದ ಮಂಜೂರಾತಿ ಬರದಿದ್ದರೆ ಅಲ್ಲಿಗೆ ಮುಗಿಯಿತು.

ಎರಡನೆಯ ದಾರಿ, ಎಲ್ಲವನ್ನೂ ಹೊಸ ತಾಣಕ್ಕೆ ಸಾಗಿಸಿ, ಹಳೆಯ ಪ್ರತಿ ವಿಳಾಸದಿಂದಲೂ ಹೊಸ ವಿಳಾಸಕ್ಕೆ ಕೈಮರ ನೆಡುವುದು. ನಮ್ಮ ಭಾಷೆಯಲ್ಲಿ ಇದಕ್ಕೆ 301 ಎನ್ನುತ್ತೇವೆ: ‘ಇವರು ಶಾಶ್ವತವಾಗಿ ಮನೆ ಬದಲಿಸಿದ್ದಾರೆ, ಹೊಸ ವಿಳಾಸ ಇದು’ ಎಂದು ಸರ್ವರ್ ಹೇಳುವ ಮಾತು. ಓದುಗರಿಗೆ ಇದಕ್ಕಿಂತ ಸುಖವಾದದ್ದಿಲ್ಲ, ಏನೂ ಬದಲಾಗಿಲ್ಲವೆಂಬಂತೆ ಕಡತ ತೆರೆಯುತ್ತದೆ. ಕಷ್ಟವೆಲ್ಲ ಕಟ್ಟುವವರದು. ಹಳೆಯ ವಿಳಾಸ ಒಂದು ಅಂಕಣ, ಹೊಸ ವಿಳಾಸ ಇನ್ನೊಂದು ಅಂಕಣ, ಹೀಗೆ ಸಾವಿರಗಟ್ಟಲೆ ಸಾಲುಗಳ ಪಟ್ಟಿಯನ್ನು ಯಾರೋ ಕುಳಿತು ಮಾಡಬೇಕು. ಗುತ್ತಿಗೆಯ ಕಾಗದದಲ್ಲಿ ಆ ಪಟ್ಟಿಯ ಹೆಸರಿಲ್ಲದಿದ್ದರೆ ಯಾರೂ ಮಾಡುವುದಿಲ್ಲ. ನಾವೂ ಮಾಡುತ್ತಿರಲಿಲ್ಲ. ಕೊನೆಯ ವಾರದಲ್ಲಿ ಎಲ್ಲ ಹಳೆಯ ವಿಳಾಸಗಳನ್ನೂ ಒಂದೇ ಸಾಲಿನ ಆದೇಶದಿಂದ ಮುಖಪುಟಕ್ಕೆ ತಿರುಗಿಸಿ ಕೈತೊಳೆದುಕೊಳ್ಳುವುದು ರೂಢಿ. ಮಾವನಿಗೆ ಸಿಕ್ಕಿದ್ದು ಅದೇ. ‘ಪುಟ ಸಿಗಲಿಲ್ಲ’ ಎಂಬ ನೇರವಾದ 404ಕ್ಕಿಂತ ಇದು ಕೆಟ್ಟದ್ದು. 404 ಬಂದರೆ ಕಡತ ಹೋಗಿದೆಯೆಂದು ಗೊತ್ತಾಗುತ್ತದೆ, ಮುಖಪುಟ ಬಂದರೆ ತಾನೇ ಏನೋ ತಪ್ಪು ಒತ್ತಿದೆನೆಂದು ಮನುಷ್ಯ ಅಂದುಕೊಳ್ಳುತ್ತಾನೆ.

ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳಬೇಕು. ಒಂದು ಚಿಕ್ಕ ಕಚೇರಿಯ ತಾಣವನ್ನು ವಿಂಡೋಸ್ ಸರ್ವರಿನಿಂದ ಲಿನಕ್ಸ್ ಸರ್ವರಿಗೆ ಸಾಗಿಸಿದ್ದೆವು. ಕಡತಗಳನ್ನೆಲ್ಲ ಅದೇ ಫೋಲ್ಡರಿನಲ್ಲಿ, ಅದೇ ಹೆಸರಿನಲ್ಲಿ ಇಟ್ಟಿದ್ದೆವು. ಆದರೂ ದೂರು ಬರತೊಡಗಿತು: ಕೆಲವು ತೆರೆಯುತ್ತವೆ, ಕೆಲವು ಇಲ್ಲ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಸಿಕ್ಕಿದ್ದು ಇಷ್ಟು. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ವಿಂಡೋಸ್ ಒಂದೇ ಎಂದು ಎಣಿಸುತ್ತದೆ, ಲಿನಕ್ಸ್ ಎಣಿಸುವುದಿಲ್ಲ. ಹಳೆಯ ಗುಮಾಸ್ತರು ಕಡತದ ಕೊನೆಯ ಮೂರಕ್ಷರ ‘ಪಿಡಿಎಫ್’ ಅನ್ನು ಒಮ್ಮೆ ದೊಡ್ಡದಾಗಿ, ಒಮ್ಮೆ ಚಿಕ್ಕದಾಗಿ ಟೈಪಿಸಿದ್ದರು. ಎಲ್ಲ ಕಡತಗಳೂ ಇದ್ದವು, ಬಾಗಿಲಿನ ಮೇಲಿನ ಹೆಸರು ಮಾತ್ರ ಒಂದಿಷ್ಟು ಬೇರೆ. ಸಾಗಾಣಿಕೆ ಮಾಡುವವರು ಈ ಒಂದನ್ನು ಮೊದಲೇ ಪರೀಕ್ಷಿಸಿದರೆ ನನ್ನ ಎರಡು ದಿನ ಸಾರ್ಥಕ.

ಇನ್ನೊಂದು ಮೋಸ ತಾರೀಖಿನದು. ಹೊಸ ತಾಣಕ್ಕೆ ಒಟ್ಟಿಗೆ ಏರಿಸಿದಾಗ ಎಲ್ಲ ಸುತ್ತೋಲೆಗಳ ಪಕ್ಕದಲ್ಲೂ ಏರಿಸಿದ ದಿನವೇ ‘ಪ್ರಕಟಣೆಯ ದಿನಾಂಕ’ವಾಗಿ ಬೀಳುತ್ತದೆ. ಹದಿನೈದು ವರ್ಷದ ಇತಿಹಾಸ ಒಂದು ಮಂಗಳವಾರ ಮಧ್ಯಾಹ್ನ ನಡೆದಂತೆ ಕಾಣುತ್ತದೆ. ಪಟ್ಟಿಗೆ ಮೂರನೆಯ ಅಂಕಣವಾಗಿ ಮೂಲ ದಿನಾಂಕವನ್ನು ಸೇರಿಸಿಕೊಳ್ಳಿ.

ಮೂರನೆಯ ದಾರಿ ನನಗೆ ಅಚ್ಚುಮೆಚ್ಚಿನದು: ದಾಖಲೆಗಳಿಗೆ ಬೇರೆ ಮನೆ, ಜಾಲತಾಣಕ್ಕೆ ಬೇರೆ ಮನೆ. ತಾಣ ಐದು ವರ್ಷಕ್ಕೊಮ್ಮೆ ಬಣ್ಣ ಬದಲಿಸಲಿ, ದಾಖಲೆಗಳು ಕದಲುವುದಿಲ್ಲ. ಇದಕ್ಕೆ ಒಳ್ಳೆಯ ಮಾದರಿ ಮಹಾರಾಷ್ಟ್ರದಲ್ಲೇ ಇದೆ. ಇಲ್ಲಿನ ಶಾಸನ ನಿರ್ಣಯಗಳಿಗೆ, ಅಂದರೆ ಎಲ್ಲರೂ ‘ಜಿಆರ್’ ಎನ್ನುವ ಆದೇಶಗಳಿಗೆ, ಪ್ರತ್ಯೇಕ ತಾಣವಿದೆ, ಒಂದೊಂದಕ್ಕೂ 18 ಅಂಕಿಯ ಸಂಕೇತಾಂಕವಿದೆ. ಯಾವುದಾದರೂ ಜಿಆರ್ ತೆಗೆದು ಕೊನೆಯ ಪುಟದಲ್ಲಿ ಸಹಿಗಿಂತ ಸ್ವಲ್ಪ ಮೇಲೆ ನೋಡಿ. ನಿರ್ಣಯವು ಸರ್ಕಾರದ ತಾಣದಲ್ಲಿ ಲಭ್ಯವಿದೆ, ಸಂಕೇತಾಂಕ ಇಂಥದ್ದು ಎಂದು ಮರಾಠಿಯಲ್ಲಿ ಬರೆದಿರುತ್ತದೆ. ಅಂಕಿಗಳು ವರ್ಷ, ತಿಂಗಳು, ದಿನದಿಂದ ಶುರುವಾಗುತ್ತವೆ. ತಾಣದ ವಿಳಾಸ ನಾಳೆ ಬದಲಾದರೂ ಆ ಸಂಖ್ಯೆ ಕೈಯಲ್ಲಿದ್ದರೆ ಹುಡುಕುವುದಕ್ಕೆ ಒಂದು ಹಿಡಿ ಸಿಗುತ್ತದೆ. ವಾಟ್ಸ್ಯಾಪ್ ಗುಂಪಿಗೆ ಕೊಂಡಿ ಹಾಕುವವರು ಜೊತೆಗೆ ಸಂಕೇತಾಂಕವನ್ನೂ ಹಾಕಿದರೆ ಮಾವನ ಪೇಚಾಟ ಅರ್ಧಕ್ಕರ್ಧ ತಪ್ಪುತ್ತಿತ್ತು.

ಚಿಕ್ಕ ನಗರಪರಿಷತ್ತಿಗೆ ಇಷ್ಟೆಲ್ಲ ಮಾಡಲು ಹಣ ಎಲ್ಲಿದೆ ಎಂದು ಕೇಳುತ್ತಾರೆ. ಹಣವಿಲ್ಲದವರಿಗೆ ಒಂದು ಬಡವರ ಉಪಾಯವಿದೆ. ಹಳೆಯ ತಾಣದಲ್ಲಿ ಪಿಡಿಎಫ್‌ಗಳೆಲ್ಲ ಇರುವ ಫೋಲ್ಡರ್ ಒಂದು ಇದ್ದೇ ಇರುತ್ತದೆ. ಹೊಸ ಸರ್ವರಿನಲ್ಲಿ ಅದೇ ಹೆಸರಿನ ಫೋಲ್ಡರ್ ಮಾಡಿ, ಒಳಗಿನದ್ದನ್ನು ಮುಟ್ಟದೆ ನಕಲಿಸಿ. ಪಿಡಿಎಫ್‌ಗೆ ತಂತ್ರಾಂಶದ ಹಂಗಿಲ್ಲ, ಇದ್ದಲ್ಲಿಂದ ತೆರೆಯುತ್ತದೆ. ನೇರ ಕೊಂಡಿಗಳೆಲ್ಲ ಬದುಕಿಕೊಳ್ಳುತ್ತವೆ, ಪಟ್ಟಿ ತೋರಿಸುವ ಪುಟಗಳಿಗೆ ಮಾತ್ರ ಕೈಮರ ನೆಟ್ಟರೆ ಸಾಕು. ಹೆಸರುಗಳನ್ನು ‘ಚಂದ’ ಮಾಡುವ ಉತ್ಸಾಹವನ್ನು ಮಾತ್ರ ತಡೆದುಕೊಳ್ಳಿ.

ವಿಳಾಸದ ಬುಡವೇ, ಅಂದರೆ ಡೊಮೇನ್ ಹೆಸರೇ ಬದಲಾಗುವುದೂ ಉಂಟು. ಪುಣೆ ಜಿಲ್ಲೆಯ ತಾಣ ಎನ್‌ಐಸಿ ಡಾಟ್ ಇನ್ ಕೊನೆಯಿಂದ ಗವ್ ಡಾಟ್ ಇನ್ ಕೊನೆಗೆ ಬಂತು. ಪುಣೆ ಮಹಾನಗರ ಪಾಲಿಕೆ ಹಿಂದೆ ಡಾಟ್ ಆರ್ಗ್ ಹೆಸರಿನಲ್ಲಿತ್ತು, ಈಗ ಪಿಎಂಸಿ ಡಾಟ್ ಗವ್ ಡಾಟ್ ಇನ್. ಇಂತಹ ಬದಲಾವಣೆಯಾದಾಗ ಹಳೆಯ ಹೆಸರನ್ನು ಕೈಬಿಡಬಾರದು. ಆರ್ಗ್, ಕಾಮ್ ಹೆಸರುಗಳ ವಾರ್ಷಿಕ ಶುಲ್ಕ ಕಟ್ಟುವುದನ್ನು ನಿಲ್ಲಿಸಿದರೆ ಯಾರು ಬೇಕಾದರೂ ಕೊಳ್ಳಬಹುದು, ಕೊಂಡು ಜೂಜಿನ ಜಾಹೀರಾತು ಹಾಕಲೂಬಹುದು.

ನಾಲ್ಕನೆಯ ದಾರಿಯೂ ಒಂದಿದೆ, ಯಾರೂ ಆರಿಸಿಕೊಳ್ಳದೆಯೇ ಬಂದು ಕುಳಿತುಕೊಳ್ಳುವಂಥದ್ದು: ‘ಕೆಲಸ ಪ್ರಗತಿಯಲ್ಲಿದೆ’ ಎಂಬ ಫಲಕ. ಹೊಸದಕ್ಕೆ ಮುಖ್ಯವಾದದ್ದನ್ನು ಮೊದಲು ಹಾಕೋಣ, ಹಳತನ್ನು ಆಮೇಲೆ ನೋಡೋಣ ಎನ್ನುತ್ತಾರೆ. ಆ ‘ಆಮೇಲೆ’ ಬಂದದ್ದನ್ನು ನಾನಂತೂ ಕಂಡಿಲ್ಲ. ಮಾಹಿತಿ ಹಕ್ಕು ಕಾಯ್ದೆ, 2005ರ 4ನೆಯ ಕಲಮು, ಜನ ಅರ್ಜಿ ಹಾಕಬೇಕಾದ ಪ್ರಮೇಯವೇ ಬಾರದಂತೆ ಕಚೇರಿಗಳು ತಾವಾಗಿಯೇ ಮಾಹಿತಿ ಪ್ರಕಟಿಸುತ್ತಿರಬೇಕೆನ್ನುತ್ತದೆ. ಜಾಲತಾಣ ನವೀಕರಣದ ಅವಧಿಗೆ ರಿಯಾಯಿತಿ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ. ಹಿಂಜರಿಯುವ ಅಧಿಕಾರಿಗಳ ಮುಂದೆ ಇದನ್ನು ಮೆದುವಾಗಿ ನೆನಪಿಸಿದರೆ ಕೆಲಸವಾಗುತ್ತದೆ.

‘ರದ್ದಾದದ್ದನ್ನು ಯಾಕೆ ಸಾಗಿಸಬೇಕು?’ ಎಂಬುದು ಪ್ರತಿ ಸಭೆಯಲ್ಲೂ ಬರುವ ಪ್ರಶ್ನೆ. ಮಾವನ ವಿಷಯವನ್ನೇ ತೆಗೆದುಕೊಳ್ಳಿ. ಸಹಕಾರಿ ಹೌಸಿಂಗ್ ಸೊಸೈಟಿಗಳ ಪುನರ್ವಿಕಾಸಕ್ಕೆ ಮಹಾರಾಷ್ಟ್ರದ ಸಹಕಾರ ಸಂಘಗಳ ಕಾಯ್ದೆಯ 79ಎ ಕಲಮಿನಡಿ ಮಾರ್ಗಸೂಚಿ ಮೊದಲು ಬಂದದ್ದು 2009ರ ಜನವರಿ 3ರಂದು. 2019ರ ಜುಲೈ 4ರಂದು ಅದರ ಬದಲಿಗೆ ಬೇರೊಂದು ಬಂತು. 2016ರಲ್ಲಿ ಠರಾವು ಮಾಡಿದ ಸೊಸೈಟಿಯ ಜಗಳ ಇಂದಿಗೂ ನಡೆಯುತ್ತಿದ್ದರೆ ಅದನ್ನು ಅಳೆಯಬೇಕಾದದ್ದು 2009ರ ಕೋಲಿನಿಂದ. ರದ್ದಾದ ಆದೇಶದ ಮೇಲೆ ‘ರದ್ದಾಗಿದೆ, ಇದರ ಬದಲಿಗೆ ಇಂಥದ್ದನ್ನು ನೋಡಿ’ ಎಂದು ಮುದ್ರೆ ಹಾಕಿ ಇಡಬೇಕು. ಅದನ್ನು ತೆಗೆದುಹಾಕಿದರೆ ಆ ಕಾಲದಲ್ಲಿ ಬದುಕಿದವರ ಕೈಯಿಂದ ಊರುಗೋಲು ಕಿತ್ತುಕೊಂಡಂತೆ.

ಹೊರಗೆ ನಿಂತವರ ಆಯ್ಕೆಗಳು

ಕಚೇರಿಗಳು ಇದನ್ನೆಲ್ಲ ಮಾಡುವವರೆಗೆ ಕಾಯುವುದಾದರೆ ಮಾವನ ಕಟ್ಟಡ ಬಿದ್ದೇಹೋದೀತು. ಹೊರಗಿನವರ ಕೈಯಲ್ಲಿರುವ ಅತಿ ಸರಳ ದಾರಿ, ಇಳಿಸಿಟ್ಟುಕೊಳ್ಳುವುದು. ಖರ್ಚಿಲ್ಲ, ಐದು ನಿಮಿಷ ಸಾಕು. ಮಾಡುವ ರೀತಿಯಲ್ಲಿ ಮಾತ್ರ ವ್ಯತ್ಯಾಸವಿದೆ. ‘ಡಾಕ್ಯುಮೆಂಟ್ (3)’ ಎಂಬ ಹೆಸರಿನಲ್ಲಿ ಫೋನಿನೊಳಗೆ ಬಿದ್ದಿರುವ ಕಡತ ಇದ್ದೂ ಇಲ್ಲದಂತೆ. ನಾನು ಮಾವನಿಗೆ ಕಲಿಸಿದ್ದು ಹೀಗೆ: ಹೆಸರು ದಿನಾಂಕದಿಂದ ಶುರುವಾಗಲಿ, ‘2019-07-04 ಸಹಕಾರ ಇಲಾಖೆ 79ಎ ಪುನರ್ವಿಕಾಸ’ ಎಂಬಂತೆ. ವರ್ಷ ಮೊದಲಿಗಿದ್ದರೆ ಕಡತಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ಸಾಲಾಗಿ ನಿಲ್ಲುತ್ತವೆ. ಪಕ್ಕದಲ್ಲಿ ಒಂದು ಚಿಕ್ಕ ಟಿಪ್ಪಣಿ: ಯಾವ ವಿಳಾಸದಿಂದ, ಯಾವ ದಿನ ಇಳಿಸಿದ್ದು, ಸಂಕೇತಾಂಕ ಏನು. ಇದನ್ನು ಸೊಸೈಟಿಯ ಹೆಸರಿನ ಖಾತೆಯಲ್ಲಿ ಇಡಿ, ಕಾರ್ಯದರ್ಶಿಯ ಸ್ವಂತ ಖಾತೆಯಲ್ಲಿ ಬೇಡ. ಸಮಿತಿ ಬದಲಾದ ಮೇಲೆ ಹಳೆಯ ಕಾರ್ಯದರ್ಶಿಯ ಹತ್ತಿರ ಪಾಸ್‌ವರ್ಡ್ ಕೇಳುವ ಪರಿಸ್ಥಿತಿ ಯಾರಿಗೂ ಬೇಡ.

ಇಳಿಸಿಟ್ಟ ಪ್ರತಿಯ ದೌರ್ಬಲ್ಯವೇನೆಂದರೆ, ಅದು ನಿಮ್ಮದು. ‘ನೀವೇ ತಿದ್ದಿದ್ದೀರಿ’ ಎಂದು ಎದುರಿನವರು ಒಂದು ಮಾತು ಅಂದರೆ ಉತ್ತರ ಹೇಳುವುದು ಕಷ್ಟ. ಅಲ್ಲಿ ಬರುವುದು ಎರಡನೆಯ ಆಯ್ಕೆ, ವೇಬ್ಯಾಕ್ ಮಷೀನ್. ಸ್ಯಾನ್ ಫ್ರಾನ್ಸಿಸ್ಕೋದ ಇಂಟರ್ನೆಟ್ ಆರ್ಕೈವ್ ಎಂಬ ಲಾಭರಹಿತ ಸಂಸ್ಥೆ 1996ರಿಂದ ಜಾಲಪುಟಗಳ ನಕಲು ಸಂಗ್ರಹಿಸುತ್ತಿದೆ, 2001ರಿಂದ ಎಲ್ಲರಿಗೂ ತೆರೆದಿಟ್ಟಿದೆ. ಸತ್ತ ಕೊಂಡಿಯನ್ನು ಅಲ್ಲಿ ಅಂಟಿಸಿದರೆ ಹಳೆಯ ಪ್ರತಿ ಸಿಗುವ ಸಾಧ್ಯತೆಯಿದೆ. ಬದುಕಿರುವ ಪುಟವನ್ನು ‘ಈಗಲೇ ಉಳಿಸು’ ಎಂದು ಕೊಟ್ಟರೆ ಹೊಸ ಪ್ರತಿ ತೆಗೆದಿಟ್ಟು ವಿಳಾಸವೊಂದನ್ನು ಕೊಡುತ್ತದೆ. ಆ ವಿಳಾಸದ ನಡುವೆ 14 ಅಂಕಿಗಳಿರುತ್ತವೆ: ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ಗಂಟೆ ಗ್ರೀನಿಚ್ ಲೆಕ್ಕದ್ದು, ಐದೂವರೆ ಗಂಟೆ ಕೂಡಿಸಿಕೊಳ್ಳಬೇಕು. ಮುಲುಂಡಿನಲ್ಲಿ ಬೆಳಗಿನ ಜಾವ ಮೂರಕ್ಕೆ ಉಳಿಸಿದ ಪುಟದ ಮೇಲೆ ಹಿಂದಿನ ದಿನದ ತಾರೀಖು ಕಂಡರೆ ಗಾಬರಿ ಬೇಡ. ಮೂರನೆಯವರು, ನಮ್ಮ ಜಗಳದಲ್ಲಿ ಯಾವ ಪಾಲೂ ಇಲ್ಲದವರು, ಇಂಥ ಕ್ಷಣದಲ್ಲಿ ಇದು ಹೀಗಿತ್ತು ಎಂದು ಹೇಳುವುದಕ್ಕೆ ತೂಕವಿದೆ.

ಇದನ್ನು ನಂಬಿ ಕೈಕಟ್ಟಿ ಕೂರುವವರಿಗೆ ನಾಲ್ಕು ಎಚ್ಚರಿಕೆ. ಪಟ್ಟಿಯ ಪುಟವನ್ನು ಉಳಿಸಿದರೆ ಅದರೊಳಗಿನ ಪಿಡಿಎಫ್‌ಗಳೂ ಉಳಿದವೆಂದಲ್ಲ, ಒಂದೊಂದನ್ನೂ ನೇರ ವಿಳಾಸದಿಂದ ಕೊಡಬೇಕು ಅಥವಾ ಖಾತೆ ತೆರೆದು ಹೊರಕೊಂಡಿಗಳನ್ನೂ ಉಳಿಸುವಂತೆ ಗುರುತು ಹಾಕಬೇಕು. ನಮ್ಮ ಹಲವು ಸರ್ಕಾರಿ ತಾಣಗಳು ವಿದೇಶದಿಂದ ಬರುವ ಕೋರಿಕೆಗಳನ್ನು ಒಳಗೇ ಬಿಡುವುದಿಲ್ಲ. ಉಳಿಸುವ ಯಂತ್ರ ಅಮೆರಿಕದಲ್ಲಿರುವುದರಿಂದ ಅದು ಬರಿಗೈಯಲ್ಲಿ ಮರಳುತ್ತದೆ. ಗುಂಡಿ ಒತ್ತಿದ ಮೇಲಷ್ಟೇ ಕಡತವನ್ನು ಕೊಡುವ, ಅದಕ್ಕೆ ಸ್ವಂತ ವಿಳಾಸವೇ ಇಲ್ಲದ ತಾಣಗಳ ಮುಂದೆಯೂ ಅದು ಸೋಲುತ್ತದೆ. ಕೊನೆಯದಾಗಿ, ಆರ್ಕೈವ್ ಕೂಡ ಬೀಳುತ್ತದೆ. 2017ರ ಆಗಸ್ಟಿನಲ್ಲಿ ಸಿನಿಮಾ ಕಳ್ಳನಕಲಿನ ವಿರುದ್ಧ ಮದ್ರಾಸ್ ಹೈಕೋರ್ಟ್ ನೀಡಿದ ಆದೇಶದ ಬಲೆಯಲ್ಲಿ ಸಿಕ್ಕಿ ಭಾರತದಲ್ಲಿ ಅದು ತೆರೆಯದಂತಾಗಿತ್ತು. 2024ರ ಅಕ್ಟೋಬರಿನಲ್ಲಿ ದುಷ್ಕರ್ಮಿಗಳ ದಾಳಿಗೆ ಕೆಲವು ದಿನ ಮುಚ್ಚಿಯೇ ಇತ್ತು. ಆದ್ದರಿಂದ ಇದು ಇಳಿಸಿಟ್ಟ ಪ್ರತಿಯ ಜೊತೆಗಾರ, ಬದಲಿಯಲ್ಲ.

ಮೂರನೆಯದು ಸಂಘಸಂಸ್ಥೆಗಳಿಗೆ. ಮುಂಬೈ, ಪುಣೆಯ ಕನ್ನಡ ಶಾಲೆಗಳನ್ನು ನಡೆಸುವ ಮಂಡಳಿಗಳು ಭಾಷಾ ಅಲ್ಪಸಂಖ್ಯಾತರ ಮಾನ್ಯತೆ, ಅನುದಾನ, ಶಿಕ್ಷಕರ ನೇಮಕದ ಸುತ್ತೋಲೆಗಳನ್ನು ವರ್ಷಗಟ್ಟಲೆ ಹಿಂಬಾಲಿಸಬೇಕಾಗುತ್ತದೆ. ಅಂಥವರಿಗೆ ಒಂದು ಪಿಡಿಎಫ್ ಸಾಲದು, ಇಡೀ ವಿಭಾಗವೇ ಬೇಕು. ಬ್ರೌಸರಿಗೆ ಸೇರಿಸಿಕೊಳ್ಳುವ ಆರ್ಕೈವ್‌ವೆಬ್ ಡಾಟ್ ಪೇಜ್ ಎಂಬ ಉಚಿತ ಸಾಧನವಿದೆ. ನೀವು ಪುಟದಿಂದ ಪುಟಕ್ಕೆ ಓಡಾಡುತ್ತಾ ಹೋದಂತೆ ಕಂಡದ್ದನ್ನೆಲ್ಲ ಅದು ಒಂದು ಕಟ್ಟಿನಲ್ಲಿ ಹಿಡಿದಿಡುತ್ತದೆ, ಆಮೇಲೆ ತಾಣವೇ ಇಲ್ಲದಿದ್ದರೂ ಅದೇ ರೀತಿ ಓಡಾಡಬಹುದು. ನಿಮ್ಮ ಕಂಪ್ಯೂಟರಿನಿಂದಲೇ, ಅಂದರೆ ಭಾರತದಿಂದಲೇ ಕೆಲಸ ಮಾಡುವುದರಿಂದ ವಿದೇಶಿ ತಡೆಯ ತೊಂದರೆ ಇಲ್ಲ, ಗುಂಡಿ ಒತ್ತುವ ಪುಟಗಳನ್ನೂ ಬಹುಮಟ್ಟಿಗೆ ಹಿಡಿಯುತ್ತದೆ. ಬೇಕಾದದ್ದು ತಾಳ್ಮೆಯಿರುವ ಒಬ್ಬ ಮನುಷ್ಯ. ಮಂಡಳಿಯಲ್ಲಿ ಅಂಥವರಿಲ್ಲದಿದ್ದರೆ ಈ ದಾರಿಯನ್ನು ಮರೆತುಬಿಡಿ, ಅರ್ಧಕ್ಕೆ ನಿಂತ ಸಂಗ್ರಹಕ್ಕಿಂತ ಹತ್ತು ಮುಖ್ಯ ಪಿಡಿಎಫ್‌ಗಳೇ ಮೇಲು. ಸಂಗ್ರಹಿಸಿದ್ದನ್ನು ಸಂಘದ ತಾಣದಲ್ಲಿ ಮರುಪ್ರಕಟಿಸುವ ಆಸೆಯಿದ್ದರೆ, ಗೆಜೆಟ್‌ನಲ್ಲಿ ಬಂದದ್ದಕ್ಕೆ, ಶಾಸನಸಭೆಯ ಕಾಯ್ದೆಗಳ ಪಠ್ಯವೊಂದನ್ನು ಬಿಟ್ಟು, ಹಕ್ಕುಸ್ವಾಮ್ಯ ಕಾಯ್ದೆ ಅಡ್ಡಿ ಮಾಡುವುದಿಲ್ಲ. ಫಲಾನುಭವಿಗಳ ಹೆಸರು, ಫೋನ್ ಸಂಖ್ಯೆ ಇರುವ ಪಟ್ಟಿಗಳನ್ನು ಮಾತ್ರ ಮರುಪ್ರಕಟಿಸಬೇಡಿ.

ಹುಡುಕಾಟದ ತಾಪತ್ರಯ ಇಲ್ಲಿಯೇ ಎದುರಾಗುವುದು. ಹಳೆಯ ಮರಾಠಿ ಆದೇಶಗಳು ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯುನಿಕೋಡ್‌ಗಿಂತ ಮುಂಚಿನ ಅಕ್ಷರಶೈಲಿಗಳಲ್ಲಿವೆ: ಪುಣೆಯ ಸಿಡ್ಯಾಕ್ ಮಾಡಿದವು, ಪುಣೆಯದೇ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ. ನಮ್ಮಲ್ಲಿ ಹಳೆಯ ‘ನುಡಿ’ ತಂತ್ರಾಂಶದ ಕಡತಗಳ ಪಾಡು ಹೇಗೋ ಹಾಗೆಯೇ. ತೆರೆಯ ಮೇಲೆ ಅಕ್ಷರ ಮುದ್ದಾಗಿ ಕಾಣುತ್ತದೆ, ನಕಲಿಸಿ ಅಂಟಿಸಿದರೆ ಹುರಿಗಾಳು ಚೆಲ್ಲಿದಂತೆ ಚಿಹ್ನೆಗಳು. ಹುಡುಕಿದರೆ ಏನೂ ಸಿಗುವುದಿಲ್ಲ. ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶ ಮರಾಠಿ, ಕನ್ನಡ ಎರಡನ್ನೂ ಚಿತ್ರದಿಂದ ಓದಿ ಪಠ್ಯ ಮಾಡುತ್ತದೆ. ತಪ್ಪುಗಳಿರುತ್ತವೆ, ಹುಡುಕಲು ಸಾಕು. ಮೂಲ ಕಡತವನ್ನು ಮುಟ್ಟದೆ ಪಠ್ಯವನ್ನು ಬೇರೆ ಪ್ರತಿಯಲ್ಲಿ ಇಡಿ.

ನಾಲ್ಕನೆಯದು ಕಾಗದ. ಅಧಿಕಾರಿ ಅಥವಾ ನ್ಯಾಯಾಲಯದ ಮುಂದೆ ಹಿಡಿಯಬೇಕಾದರೆ ಮುದ್ರೆ ಬಿದ್ದ ದೃಢೀಕೃತ ಪ್ರತಿಗಿಂತ ನೆಮ್ಮದಿಯಾದದ್ದು ಬೇರೆ ಇಲ್ಲ. ಮಾಹಿತಿ ಹಕ್ಕು ಎಂದರೆ ಬರಿಯ ಮಾಹಿತಿ ಕೇಳುವುದಷ್ಟೇ ಅಲ್ಲ, ಕಡತ ಕಣ್ಣಾರೆ ನೋಡುವುದು, ದೃಢೀಕೃತ ಪ್ರತಿ ಪಡೆಯುವುದೂ ಸೇರಿದೆ. ಅರ್ಜಿ ಶುಲ್ಕ 10 ರೂಪಾಯಿ, ಎ4 ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಮಹಾರಾಷ್ಟ್ರದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಆದ್ದರಿಂದ ಪೀಠಿಕೆ ಬೇಡ. ‘ಜಾಲತಾಣದಲ್ಲಿ ಇದ್ದದ್ದು ಈಗಿಲ್ಲ’ ಎಂದು ದೂರುತ್ತಾ ಕೂರದೆ ಆದೇಶದ ದಿನಾಂಕ, ಸಂಖ್ಯೆ ಬರೆದು ಪ್ರತಿ ಕೇಳಿ. ಅದೇ ಅರ್ಜಿಯಲ್ಲಿ ಹೊಸ ತಾಣದ ಯಾವ ಪುಟದಲ್ಲಿ ಅದು ಸಿಗುತ್ತದೆಂದು ಒಂದು ಸಾಲು ಸೇರಿಸಿದರೆ ಒಮ್ಮೊಮ್ಮೆ ಕಡತ ಮರಳಿ ತಾಣಕ್ಕೂ ಬರುವುದುಂಟು.

30 ದಿನ ಕಾಯಲಾಗದವರು ಸೋಮವಾರದ ಪದ್ಧತಿ ತಮ್ಮ ಕಚೇರಿಯಲ್ಲಿ ಈಗಲೂ ಇದೆಯೇ ಎಂದು ಕೇಳಿ ನೋಡಬಹುದು. ಪುಣೆ ಪಾಲಿಕೆಯಲ್ಲಿ ವಾರಕ್ಕೊಮ್ಮೆ ಜನರಿಗೆ ಕಡತ ನೋಡಲು ಬಿಡುವ ಪದ್ಧತಿ ಇತ್ತು. 2018ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಅದನ್ನು ಜಿಲ್ಲಾ ಮಟ್ಟದ ಕಚೇರಿಗಳಿಗೂ ಸ್ಥಳೀಯ ಸಂಸ್ಥೆಗಳಿಗೂ ವಿಸ್ತರಿಸಿತು: ಸೋಮವಾರ ಮಧ್ಯಾಹ್ನ 3ರಿಂದ 5. ಹೊರ ಊರಿನಿಂದ ಬಂದ ನಾವು ಮರಾಠಿ ಸರಾಗವಾಗಿ ಬಾರದೆಂದು ಹಿಂದೆ ಸರಿಯುತ್ತೇವೆ. ಸಂಖ್ಯೆ, ದಿನಾಂಕ ಬರೆದ ಚೀಟಿ ಕೈಯಲ್ಲಿದ್ದರೆ ಭಾಷೆಯ ಕೆಲಸ ಹೆಚ್ಚಿರುವುದಿಲ್ಲ.

ಕೆಲವು ದಾಖಲೆಗಳಿಗೆ ಇಷ್ಟೆಲ್ಲ ಬೇಡ. ಸಾತ್‌ಬಾರಾ ಉತಾರೆಯ, ಅಂದರೆ ನಮ್ಮ ಪಹಣಿಯಂಥ ಜಮೀನು ದಾಖಲೆಯ, ಡಿಜಿಟಲ್ ಸಹಿಯ ಪ್ರತಿ 15 ರೂಪಾಯಿಗೆ ಸರ್ಕಾರದ ತಾಣದಲ್ಲೇ ಸಿಗುತ್ತದೆ, ಬೇಕಾದಾಗ ತಾಜಾ ತೆಗೆಯುವುದೇ ಒಳ್ಳೆಯದು. ಪುಕ್ಕಟೆ ತೆರೆಯುವ ಪ್ರತಿ ನೋಡುವುದಕ್ಕಷ್ಟೇ, ಕಾನೂನಿನ ಕೆಲಸಕ್ಕಲ್ಲ.

ಯಾರಿಗೆ ಯಾವುದು

ಬರಿಯ ತಿಳಿವಳಿಕೆಗೆ ಇಳಿಸಿಟ್ಟ ಪ್ರತಿಯೂ ಸಂಕೇತಾಂಕವೂ ಧಾರಾಳ ಸಾಕು. ನೆರೆಯವರನ್ನು ಒಪ್ಪಿಸಬೇಕಾದ ಸೊಸೈಟಿ ಇದರ ಜೊತೆಗೆ ವೇಬ್ಯಾಕ್ ಕೊಂಡಿಯನ್ನೂ ಇಟ್ಟುಕೊಳ್ಳಲಿ, ಅದು ಸಿಗದಿದ್ದರೆ ಇಬ್ಬರು ಸದಸ್ಯರು ಬೇರೆ ಬೇರೆಯಾಗಿ ಇಳಿಸಿಟ್ಟುಕೊಳ್ಳಲಿ. ಶಾಲಾ ಮಂಡಳಿಗಳು ವರ್ಷಕ್ಕೆರಡು ಸಲ ಇಡೀ ವಿಭಾಗವನ್ನು ಹಿಡಿದಿಡುವುದು ಒಳಿತು. ವ್ಯಾಜ್ಯದ ವಾಸನೆ ಬಂದಿದ್ದರೆ ಮೊದಲ ದಿನವೇ 10 ರೂಪಾಯಿಯ ಅರ್ಜಿ ಹಾಕಿ, ಉಳಿದದ್ದು ಆಮೇಲೆ.

ಡಿಜಿಟಲ್ ಪ್ರತಿಯನ್ನೇ ನ್ಯಾಯಾಲಯಕ್ಕೆ ಕೊಡಬೇಕಾಗಿ ಬಂದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಬೇಕು. ಅದರ ನಮೂನೆಯಲ್ಲಿ ಕಡತದ ಹ್ಯಾಶ್ ಬರೆಯಲು ಜಾಗವಿದೆ. ಹ್ಯಾಶ್ ಎಂದರೆ ಕಡತದ ಬೆರಳಚ್ಚು: ಒಂದು ಅಲ್ಪವಿರಾಮ ಬದಲಾದರೂ ಪೂರ್ತಿ ಬೇರೆಯಾಗುವ ಅಕ್ಷರಗಳ ಸರ. ಇಳಿಸಿದ ದಿನವೇ ಅದನ್ನು ತೆಗೆದು ಟಿಪ್ಪಣಿಯಲ್ಲಿ ಬರೆದಿಟ್ಟುಕೊಂಡರೆ ಆಮೇಲೆ ವಕೀಲರ ಮುಂದೆ ತಡವರಿಸಬೇಕಾಗಿಲ್ಲ.

ಪಣಜಿಯ ಹುಡುಗಿಗೆ ಹೇಳಿದ್ದು ಇಷ್ಟು: ಹಣವಿದ್ದರೆ ಮೂರನೆಯ ದಾರಿ, ಸಮಯವಿದ್ದರೆ ಎರಡನೆಯದು. ಎರಡೂ ಇಲ್ಲದಿದ್ದರೆ ಹಳೆಯ ಫೋಲ್ಡರನ್ನು ಹಾಗೆಯೇ ನಕಲಿಸು, ಹೆಸರಿನ ದೊಡ್ಡಕ್ಷರ, ಚಿಕ್ಕಕ್ಷರ ನೋಡಿಕೋ, ಹಳೆಯ ತಾಣವನ್ನು ಹೆಪ್ಪುಗಟ್ಟಿಸಿ ಕನಿಷ್ಠ ಒಂದು ವರ್ಷ ಉಳಿಸು. ಮುಂದಿನ ಗುತ್ತಿಗೆಯ ಕಾಗದಕ್ಕೆ ಎರಡು ಸಾಲು ಸೇರಿಸುವಂತೆಯೂ ಹೇಳಿದೆ: ‘ಹಳೆಯ ಪ್ರತಿ ದಾಖಲೆಯ ವಿಳಾಸವೂ ಅದೇ ದಾಖಲೆಗೆ ಒಯ್ಯಬೇಕು, ಮುಖಪುಟಕ್ಕಲ್ಲ. ಪಟ್ಟಿಯಿಂದ ಕಣ್ಮುಚ್ಚಿ ಆರಿಸಿದ ನೂರು ವಿಳಾಸಗಳನ್ನು ಕಚೇರಿಯವರು ತೆರೆದು ನೋಡಿದ ಮೇಲೆಯೇ ಕೊನೆಯ ಕಂತಿನ ಪಾವತಿ.’ ನಮ್ಮ ಮಾಲೀಕರು ಇದನ್ನು ಓದಿದರೆ ನನ್ನನ್ನು ಬೈಯುತ್ತಾರೆ.

ಮಾವನಿಗೆ 2019ರ ಜಿಆರ್ ಅದರ ತಾಣದಲ್ಲೇ ಸಿಕ್ಕಿತು, ಹತ್ತು ನಿಮಿಷ ಹಿಡಿಯಿತು. ಆದರೆ ಎದ್ದು ನಿಂತ ಆ ಸದಸ್ಯರು ಈಗ 2009ರದನ್ನು ಕೇಳುತ್ತಿದ್ದಾರಂತೆ. ಅದಕ್ಕೆ ಅರ್ಜಿ ಬರೆದಾಗಿದೆ, 62 ಪದಗಳು.